ಇವಾನ್ ಇಲಿಚ್ ಹೆಣೆದ ಕಲಿಕೆಯ ಬಲೆ: ಒಂದು ಮರುಓದು

ಅಂತರಜಾಲ ಹುಟ್ಟಿದ ಬಗೆಯನ್ನು ಹೇಳುವವರು ಸಾಮಾನ್ಯವಾಗಿ ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ 1969ರಲ್ಲಿ ಜೋಡಣೆಗೊಂಡ ಅರ್ಪಾನೆಟ್‌ನಿಂದ ಆರಂಭಿಸುತ್ತಾರೆ. ಜಿನೀವಾ ಬಳಿಯ ಸೆರ್ನ್ ಸಂಶೋಧನಾಲಯದಲ್ಲಿ 1989ರಲ್ಲಿ ಟಿಮ್ ಬರ್ನರ್ಸ್-ಲೀ ಮುಂದಿಟ್ಟ ಪ್ರಸ್ತಾವಕ್ಕೆ ಬಂದು ನಿಲ್ಲುತ್ತಾರೆ. ಇವೆರಡರ ನಡುವೆ, 1971ರಲ್ಲಿ, ಒಬ್ಬ ಕಥೋಲಿಕ ಗುರು ಪ್ರಕಟಿಸಿದ ಪುಸ್ತಕವೊಂದರ ಆರನೆಯ ಅಧ್ಯಾಯಕ್ಕೂ ಆ ಕಥೆಯಲ್ಲಿ ಸ್ಥಾನವಿದೆ ಎಂದರೆ ಕೇಳುವವರಿಗೆ ತುಸು ಆಶ್ಚರ್ಯವಾದೀತು. ಪುಸ್ತಕದ ಹೆಸರು 'ಡೀಸ್ಕೂಲಿಂಗ್ ಸೊಸೈಟಿ'. ಸಮಾಜವನ್ನು ಶಾಲೆಯ ಹಿಡಿತದಿಂದ ಬಿಡಿಸುವುದು ಎಂದು ಅದರ ಅರ್ಥ. ಬರೆದವರು ಇವಾನ್ ಇಲಿಚ್. ಆರನೆಯ ಅಧ್ಯಾಯದ ಶೀರ್ಷಿಕೆ 'ಲರ್ನಿಂಗ್ ವೆಬ್ಸ್', ಅಂದರೆ ಕಲಿಕೆಯ ಬಲೆಗಳು.

ನಾನು ಈ ಪುಸ್ತಕವನ್ನು ಮೊದಲು ಓದಿದ್ದು ಗುರುಮಠದಲ್ಲಿ ತತ್ವಶಾಸ್ತ್ರದ ಅಭ್ಯಾಸ ಮಾಡುತ್ತಿದ್ದಾಗ. ಗ್ರಂಥಾಲಯದ ಪ್ರತಿಯನ್ನು ನನ್ನ ಕೈಗಿತ್ತ ಹಿರಿಯ ಪ್ರಾಧ್ಯಾಪಕರು, "ಓದು, ಆದರೆ ಓದಿದ ಮರುದಿನವೇ ಶಾಲೆ ಮುಚ್ಚಿಸಲು ಹೊರಡಬೇಡ" ಎಂದು ನಕ್ಕಿದ್ದರು. ಆಗ ನಮ್ಮ ತರಗತಿಯಲ್ಲಿ ಗಣಕಯಂತ್ರವನ್ನು ಮುಟ್ಟಿದ್ದವರು ಒಬ್ಬರೂ ಇರಲಿಲ್ಲ. ಆದ್ದರಿಂದ ಗಣಕಯಂತ್ರದ ಪ್ರಸ್ತಾಪವಿದ್ದ ಆರನೆಯ ಅಧ್ಯಾಯವನ್ನು ಹಾರಿಸಿ ಮುಂದಕ್ಕೆ ಹೋದೆ. ಈ ವರ್ಷ ತಪಸ್ಸುಕಾಲದಲ್ಲಿ ಅದೇ ಅಧ್ಯಾಯವನ್ನು ಎರಡು ಬಾರಿ ಓದಿದೆ. ಇಲಿಚ್ ಅಂತರಜಾಲದ ಭವಿಷ್ಯ ನುಡಿದಿದ್ದರು ಎಂದು ಇತ್ತೀಚೆಗೆ ಹಲವರು ಬರೆಯುತ್ತಾರೆ. ಈ ಹೊಗಳಿಕೆ ಅವರಿಗೆ ಸಲ್ಲುವುದಿಲ್ಲವೆಂದೇ ನನ್ನ ಅನಿಸಿಕೆ. ಅವರು ಬಯಸಿದ ಬಲೆ ಬೇರೆ, ನಮಗೆ ದೊರೆತ ಜಾಲ ಬೇರೆ. ಆ ವ್ಯತ್ಯಾಸ ಎಲ್ಲಿದೆ ಎಂಬುದನ್ನು ತೋರಿಸುವುದೇ ಈ ಬರಹದ ಉದ್ದೇಶ.

ಮೊದಲು ಬರೆದವರ ಪರಿಚಯ. ಇಲಿಚ್ ಜನಿಸಿದ್ದು 1926ರಲ್ಲಿ, ವಿಯೆನ್ನಾದಲ್ಲಿ. ತಾಯಿಯ ಕಡೆಯ ಯೆಹೂದ್ಯ ಮೂಲದ ಕಾರಣದಿಂದ ನಾಜಿ ಆಡಳಿತದಲ್ಲಿ ಊರು ತೊರೆಯಬೇಕಾಯಿತು. ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾಲಯದಲ್ಲಿ ಓದಿ, 1951ರಲ್ಲಿ ಗುರುದೀಕ್ಷೆ ಪಡೆದು, ನ್ಯೂಯಾರ್ಕ್ ನಗರದಲ್ಲಿ ಪೋರ್ಟೊರಿಕೊ ವಲಸಿಗರು ನೆಲೆಸಿದ್ದ ಧರ್ಮಕೇಂದ್ರವೊಂದರ ಸೇವೆಗೆ ಬಂದರು. 1956ರಲ್ಲಿ ಪೋರ್ಟೊರಿಕೊದ ಪೋನ್ಸೆ ನಗರದ ಕಥೋಲಿಕ ವಿಶ್ವವಿದ್ಯಾಲಯದ ಉಪಕುಲಪತಿಯಂತಹ ಹುದ್ದೆಗೇರಿದರು. 1961ರಿಂದ ಮೆಕ್ಸಿಕೊದ ಕ್ಯುಎರ್ನವಾಕದಲ್ಲಿ ಒಂದು ಅಧ್ಯಯನ ಕೇಂದ್ರವನ್ನು ನಡೆಸಿದರು. ಅವರ ಮಾತು, ಬರಹಗಳು ರೋಮಿಗೆ ಹಿಡಿಸಲಿಲ್ಲ. 1968ರಲ್ಲಿ ಅಲ್ಲಿಂದ ಕರೆಬಂದು ವಿಚಾರಣೆಯಾಯಿತು. ಮರುವರ್ಷ ಅವರು ಸಾರ್ವಜನಿಕ ಯಾಜಕೀಯ ಕರ್ತವ್ಯಗಳಿಂದ ಹಿಂದೆ ಸರಿದರು. 2002ರ ಡಿಸೆಂಬರ್‌ನಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ತೀರಿಕೊಂಡರು. ಆ ವಿವಾದದಲ್ಲಿ ಯಾರು ಸರಿ, ಯಾರು ತಪ್ಪು ಎಂಬ ಚರ್ಚೆಗೆ ನಾನು ಇಲ್ಲಿ ಕೈಹಾಕುವುದಿಲ್ಲ. ಆದರೆ ಅವರ ಪುಸ್ತಕ ಒಬ್ಬ ಧರ್ಮಕೇಂದ್ರದ ಗುರುವಿನ ಅನುಭವದಿಂದ ಹುಟ್ಟಿತೆಂಬುದನ್ನು ಮರೆಯಬಾರದು.

ಆ ಅನುಭವ ಪುಸ್ತಕದ ಮೊದಲ ಅಧ್ಯಾಯದಲ್ಲೇ ಇದೆ. 1956ರ ಮಾತು. ನ್ಯೂಯಾರ್ಕ್ ಮಹಾಧರ್ಮಕ್ಷೇತ್ರದ ನೂರಾರು ಶಿಕ್ಷಕರು, ಸಮಾಜ ಸೇವಕರು, ಧರ್ಮಸೇವಕರು ಸ್ಪ್ಯಾನಿಷ್ ಭಾಷೆಯನ್ನು ತುರ್ತಾಗಿ ಕಲಿಯಬೇಕಾಗಿತ್ತು; ಇಲ್ಲವಾದರೆ ಪೋರ್ಟೊರಿಕೊ ಜನರೊಡನೆ ಎರಡು ಮಾತಾಡಲೂ ಸಾಧ್ಯವಿರಲಿಲ್ಲ. ಇಲಿಚ್‌ರವರ ಗೆಳೆಯರೊಬ್ಬರು ಸ್ಪ್ಯಾನಿಷ್ ರೇಡಿಯೊದಲ್ಲಿ ಒಂದು ಪ್ರಕಟಣೆ ಕೊಟ್ಟರು: ಹಾರ್ಲೆಮ್‌ನಲ್ಲಿ ಸ್ಪ್ಯಾನಿಷ್ ಮಾತೃಭಾಷೆಯವರು ಬೇಕಾಗಿದ್ದಾರೆ ಎಂದು. ಮರುದಿನ ಸುಮಾರು ಇನ್ನೂರು ಮಂದಿ ಹದಿಹರೆಯದವರು ಬಾಗಿಲಲ್ಲಿ ಸಾಲುಗಟ್ಟಿದರು. ಅವರಲ್ಲಿ ನಾಲ್ಕು ಡಜನ್ ಮಂದಿಯನ್ನು ಆರಿಸಲಾಯಿತು. ಹಲವರು ಶಾಲೆಯನ್ನು ಅರ್ಧಕ್ಕೆ ಬಿಟ್ಟವರು. ವಿದೇಶಾಂಗ ಸೇವೆಯವರಿಗಾಗಿ ಸಿದ್ಧಪಡಿಸಿದ್ದ ಭಾಷಾ ಕೈಪಿಡಿಯನ್ನು ಬಳಸುವುದು ಹೇಗೆಂದು ಆ ಹುಡುಗರಿಗೆ ಹೇಳಿಕೊಡಲಾಯಿತು. ಒಂದು ವಾರದೊಳಗೆ ಅವರು ತಾವಾಗಿಯೇ ಪಾಠ ನಡೆಸತೊಡಗಿದರು. ಆರು ತಿಂಗಳಲ್ಲಿ ಕೆಲಸ ಮುಗಿಯಿತು. ಕನಿಷ್ಠ ಮೂವರು ಸಿಬ್ಬಂದಿಗೆ ಸ್ಪ್ಯಾನಿಷ್ ಬರುವಂತಹ 127 ಧರ್ಮಕೇಂದ್ರಗಳು ತಮ್ಮಲ್ಲಿವೆ ಎಂದು ಕಾರ್ಡಿನಲ್ ಸ್ಪೆಲ್‌ಮನ್ ಹೇಳಿಕೊಳ್ಳುವಂತಾಯಿತು.

ಯಾವ ಶಾಲೆಯೂ ಈ ವೇಗದಲ್ಲಿ ಇದನ್ನು ಸಾಧಿಸಲಾರದು ಎಂದು ಇಲಿಚ್ ಬರೆಯುತ್ತಾರೆ. ಮುಖ್ಯವಾಗಿ ನಾವು ಗಮನಿಸಬೇಕಾದದ್ದು ಇಲ್ಲಿ ರೇಡಿಯೊ ಮಾಡಿದ ಕೆಲಸವನ್ನು. ರೇಡಿಯೊ ಸ್ಪ್ಯಾನಿಷ್ ಕಲಿಸಲಿಲ್ಲ. ಕಲಿಯಬೇಕಾದವರು ಇದ್ದಾರೆಂಬ ಸುದ್ದಿಯನ್ನು ಕಲಿಸಬಲ್ಲವರಿಗೆ ಮುಟ್ಟಿಸಿ ಸುಮ್ಮನಾಯಿತು. ಆರನೆಯ ಅಧ್ಯಾಯದ ಗಣಕಯಂತ್ರಕ್ಕೆ ಇಲಿಚ್ ವಹಿಸುವುದೂ ಇದೇ ಕೆಲಸವನ್ನು, ಇದಕ್ಕಿಂತ ಹೆಚ್ಚಿನದನ್ನಲ್ಲ.

ಆ ಅಧ್ಯಾಯದಲ್ಲಿ ನಾಲ್ಕು ಬಲೆಗಳ ವಿವರಣೆಯಿದೆ. ಒಂದು, ಕಲಿಕೆಗೆ ಬೇಕಾದ ವಸ್ತುಗಳು ಎಲ್ಲಿ ಸಿಗುತ್ತವೆ ಎಂದು ತಿಳಿಸುವ ಸೇವೆ. ಎರಡು, ಕುಶಲ ಕೆಲಸ ಬಲ್ಲವರು ತಮ್ಮ ಹೆಸರನ್ನು ಬರೆಸಿ, ಕಲಿಸಲು ಸಿದ್ಧರಿರುವ ವಿನಿಮಯ ಕೇಂದ್ರ. ಮೂರು, ಒಂದೇ ವಿಷಯದಲ್ಲಿ ಆಸಕ್ತಿಯಿರುವ ಸಮಾನರನ್ನು ಜೊತೆಗೂಡಿಸುವ ವ್ಯವಸ್ಥೆ. ನಾಲ್ಕು, ಅನುಭವಿ ಗುರುಗಳ ವಿವರವನ್ನು ಒದಗಿಸುವ ಮಾಹಿತಿ ಸೇವೆ. ಮೊದಲನೆಯದರಲ್ಲಿ ಅವರು ಒಂದು ಸೊಗಸಾದ ಮಾತು ಹೇಳುತ್ತಾರೆ: ಕೈಗಾರಿಕೆಯು ಬಿಚ್ಚಿ ನೋಡಲಾಗದಂತೆ ಮುಚ್ಚಿಟ್ಟ ಯಂತ್ರಗಳನ್ನು ಮಾಡಿ ಕೊಡುವುದರಿಂದ ವಸ್ತುಗಳೇ ಮೂಕವಾಗುತ್ತವೆ, ಮಗು ಅವುಗಳಿಂದ ಏನನ್ನೂ ಕಲಿಯಲಾರದು. ತಮ್ಮ ಮೊಬೈಲ್ ಫೋನಿನ ಬ್ಯಾಟರಿಯನ್ನು ತಾವೇ ಬದಲಾಯಿಸಲು ಹೋಗಿ ಸೋತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡನೆಯದರಲ್ಲಿ, ಪ್ರತಿ ಪ್ರಜೆಗೂ ಕಲಿಕೆಯ ಮುಂಗಡವೊಂದನ್ನು ಕೊಡಬೇಕು, ಇತರರಿಗೆ ಕಲಿಸಿದವನು ಅದನ್ನು ಹೆಚ್ಚಿಸಿಕೊಳ್ಳಬಹುದು ಎಂಬ ಸೂಚನೆಯಿದೆ. ನಾಲ್ಕನೆಯದು ತುಸು ತೆಳುವಾಗಿದೆ. ಅದರ ಮಾತಿಗೆ ಮುಂದೆ ಬರುತ್ತೇನೆ.

ಮೂರನೆಯ ಬಲೆಯೇ ಅಧ್ಯಾಯದ ಜೀವಾಳ. ಒಬ್ಬ ವ್ಯಕ್ತಿ ಒಂದು ಪುಸ್ತಕವನ್ನೋ ಚಲನಚಿತ್ರವನ್ನೋ ಕುರಿತು ಮಾತನಾಡಬಯಸುತ್ತಾನೆ ಎನ್ನಿ. ತನ್ನ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಹಾಗೂ ಆ ಪುಸ್ತಕದ ಹೆಸರನ್ನು ಗಣಕಯಂತ್ರಕ್ಕೆ ಕೊಡುತ್ತಾನೆ. ಅದೇ ಪುಸ್ತಕವನ್ನು ಹೆಸರಿಸಿದ ಇತರರ ಪಟ್ಟಿ ಕೆಲವು ದಿನಗಳಲ್ಲಿ ಅಂಚೆಯ ಮೂಲಕ ಅವನಿಗೆ ಬರುತ್ತದೆ. ದೂರವಾಣಿಯಲ್ಲಿ ಮಾತಾಡಿ, ಒಂದು ಕಾಫಿ ಹೋಟೆಲಿನಲ್ಲಿ ಭೇಟಿ ಗೊತ್ತುಮಾಡಿಕೊಳ್ಳುತ್ತಾರೆ. ಗುರುತಿಗೆ ಕಾಫಿ ಲೋಟದ ಪಕ್ಕದಲ್ಲಿ ಆ ಪುಸ್ತಕ. ಮಾತು ರುಚಿಸಿದರೆ ಮುಂದುವರಿಸಲಿ, ಇಲ್ಲದಿದ್ದರೆ ಕಾಫಿ ಮುಗಿಸಿ ಎದ್ದುಹೋಗಲಿ. ವಯಸ್ಸು, ಪದವಿ, ಅಂತಸ್ತು ಯಾವುದನ್ನೂ ಯಂತ್ರ ಕೇಳಬಾರದು, ಶೀರ್ಷಿಕೆ ಮಾತ್ರ ಸಾಕು ಎಂಬುದು ಅವರ ವಾದ. ಜನರನ್ನು ವರ್ಗೀಕರಿಸುವ ಅಧಿಕಾರವು ಹೀಗೆ ಯಾವ ಅಧಿಕಾರಿಗೂ ದಕ್ಕುವುದಿಲ್ಲ.

ಶಬ್ದದ ಆಯ್ಕೆಯಲ್ಲೂ ಇಲಿಚ್ ಎಚ್ಚರಿಕೆ ವಹಿಸಿದ್ದಾರೆ. 'ನೆಟ್‌ವರ್ಕ್' ಎಂಬ ಪದವನ್ನು ಅವರು ಹಿಂಜರಿಯುತ್ತಲೇ ಬಳಸುತ್ತಾರೆ. ಬೇರೆಯವರು ಆರಿಸಿದ ಸರಕನ್ನು ಜನರ ಮೇಲೆ ಸುರಿಯುವ ದೂರದರ್ಶನದಂತಹ ವಾಹಿನಿಗಳಿಗೆ ಆ ಪದ ಅಂಟಿಕೊಂಡುಬಿಟ್ಟಿದೆ. ತಮಗೆ ಬೇಕಾದದ್ದು ಅಂಚೆ ಮತ್ತು ದೂರವಾಣಿಯ ಬಗೆಯದು. ಅಲ್ಲಿ ಜನರೇ ಪರಸ್ಪರ ಸಂದೇಶ ಕಳುಹಿಸುತ್ತಾರೆ ಎಂಬುದು ಅವರ ನಿಲುವು. ಆದ್ದರಿಂದ 'ಅವಕಾಶದ ಬಲೆ' ಎಂಬರ್ಥದ ಪದವನ್ನು ಕಟ್ಟಿಕೊಂಡರು. ನಮ್ಮ ಭಾಷೆಯಲ್ಲಿ 'ನೆಟ್‌ವರ್ಕ್', 'ವೆಬ್' ಎರಡಕ್ಕೂ ಜಾಲವೆಂದೇ ಹೇಳುವುದರಿಂದ ಈ ಭೇದ ಅಳಿಸಿಹೋಗುತ್ತದೆ. ಜಾಲವೆಂದರೆ ಮೀನು ಹಿಡಿಯುವ ಬಲೆಯೂ ಹೌದು, ಇಂದ್ರಜಾಲದ ಮೋಸವೂ ಹೌದು. ಜಾಲಂಧ್ರವಾದರೋ ಗಾಳಿ, ಬೆಳಕಿಗೆಂದು ಗೋಡೆಯಲ್ಲಿ ಬಿಟ್ಟ ಕಿಂಡಿ. ಇಲಿಚ್‌ರವರ ಮನಸ್ಸಿನಲ್ಲಿದ್ದದ್ದು ಈ ಮೂರನೆಯದಕ್ಕೆ ಹತ್ತಿರ.

ಆ ಕಾಲದಲ್ಲಿ ಗಣಕಯಂತ್ರವನ್ನು ಶಿಕ್ಷಣಕ್ಕೆ ತರಲು ಹೊರಟ ಪಂಡಿತರು ಕಡಿಮೆಯಿರಲಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಿಂದಲೇ 'ಪ್ಲೇಟೊ' ಎಂಬ ಬೋಧನಾ ವ್ಯವಸ್ಥೆ ನಡೆಯುತ್ತಿತ್ತು. ಸ್ಟ್ಯಾನ್‌ಫರ್ಡ್‌ನಲ್ಲಿ ಪ್ಯಾಟ್ರಿಕ್ ಸಪ್ಪೆಸ್ ಮಕ್ಕಳಿಗೆ ಗಣಕಯಂತ್ರದ ಮುಖಾಂತರ ಲೆಕ್ಕದ ಅಭ್ಯಾಸ ಮಾಡಿಸುತ್ತಿದ್ದರು. ಮುಖ್ಯವಾಗಿ ಇವು ಯಂತ್ರವನ್ನೇ ಉಪಾಧ್ಯಾಯನನ್ನಾಗಿಸುವ ಪ್ರಯತ್ನಗಳು. ಇನ್ನೊಂದು ಕವಲಿನಲ್ಲಿ ಜೆ.ಸಿ.ಆರ್. ಲಿಕ್‌ಲೈಡರ್ ಮತ್ತು ರಾಬರ್ಟ್ ಟೇಲರ್ 1968ರಲ್ಲಿ ಗಣಕಯಂತ್ರವನ್ನು ಸಂವಹನದ ಸಾಧನವೆಂದು ಕರೆದು ಲೇಖನ ಬರೆದಿದ್ದರು. ಸಮಾನ ಆಸಕ್ತಿಯವರು ದೂರದಲ್ಲಿದ್ದರೂ ಒಂದಾಗುವರೆಂಬ ಭರವಸೆ ಅವರದಾಗಿತ್ತು. ಇಲಿಚ್ ಈ ಎರಡನೆಯ ಕವಲಿಗೆ ಸೇರಿದವರು. ಆದರೆ ಲಿಕ್‌ಲೈಡರ್‌ಗೆ ಪರದೆಯ ಮೇಲಿನ ಮಾತುಕತೆಯೇ ಗುರಿ, ಇಲಿಚ್‌ಗೆ ಅದು ಬಾಗಿಲು ಮಾತ್ರ. ಅವರ ಗಣಕಯಂತ್ರ ಒಬ್ಬ ಗುಮಾಸ್ತ. ಹೆಸರು ಬರೆದುಕೊಳ್ಳುತ್ತಾನೆ, ಪಟ್ಟಿ ಕಳುಹಿಸುತ್ತಾನೆ, ಪಕ್ಕಕ್ಕೆ ಸರಿಯುತ್ತಾನೆ. ಬಲೆಯನ್ನು ನೋಡಿಕೊಳ್ಳುವ ಆಡಳಿತಗಾರರಿಗೂ ಅವರು ಇದೇ ಗುಣವನ್ನು ಬಯಸುತ್ತಾರೆ: ದಾರಿಯನ್ನು ದುರಸ್ತಿಯಲ್ಲಿಡಬೇಕು, ನಡೆಯುವವರಿಗೆ ಅಡ್ಡ ನಿಲ್ಲಬಾರದು.

ಇದು ಬರಿಯ ಕನಸಾಗಿ ಉಳಿಯಲಿಲ್ಲ. 1973ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ಪಟ್ಟಣದಲ್ಲಿ, ಲಿಯೋಪೋಲ್ಡ್ಸ್ ಎಂಬ ಗಾನಮುದ್ರಿಕೆಗಳ ಅಂಗಡಿಯಲ್ಲಿ, ಸಂಗೀತಗಾರರು ಚೀಟಿ ಅಂಟಿಸುತ್ತಿದ್ದ ಸೂಚನಾ ಫಲಕದ ಪಕ್ಕದಲ್ಲಿ, ಲೀ ಫೆಲ್ಸೆನ್‌ಸ್ಟೈನ್ ಮತ್ತು ಗೆಳೆಯರು ಒಂದು ಟೆಲಿಟೈಪ್ ಯಂತ್ರವನ್ನಿಟ್ಟರು. ಅದರ ಗದ್ದಲ ತಗ್ಗಿಸಲು ಸುತ್ತ ಒಂದು ಪೆಟ್ಟಿಗೆ, ಕೈತೂರಿಸಲು ಎರಡು ರಂಧ್ರ. ದೂರವಾಣಿ ತಂತಿಯ ಮೂಲಕ ಅದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ದೊಡ್ಡ ಗಣಕಯಂತ್ರಕ್ಕೆ ಜೋಡಣೆಯಾಗಿತ್ತು. ಸೆಕೆಂಡಿಗೆ ಹತ್ತು ಅಕ್ಷರ ಅದರ ವೇಗ. ಹೆಸರು 'ಕಮ್ಯೂನಿಟಿ ಮೆಮೊರಿ', ಸಮುದಾಯದ ನೆನಪು. ದಾರಿಹೋಕರು ಯಾರು ಬೇಕಾದರೂ ಬಂದು ಸಂದೇಶ ಸೇರಿಸಬಹುದಿತ್ತು, ಹುಡುಕಬಹುದಿತ್ತು. ಆ ಊರಿನಲ್ಲಿ ಒಳ್ಳೆಯ ಬೇಗಲ್, ಅಂದರೆ ಬಳೆಯಾಕಾರದ ಯೆಹೂದಿ ರೊಟ್ಟಿ, ಎಲ್ಲಿ ಸಿಗುತ್ತದೆಂದು ಅಲ್ಲಿ ಒಂದು ಪ್ರಶ್ನೆ ಬಂದಿತ್ತು. ಕೆಲವರು ಅಂಗಡಿಗಳ ಹೆಸರು ಹೇಳಿದರು. ಒಂದು ಉತ್ತರ ಮಾತ್ರ ಬೇರೆಯಾಗಿತ್ತು: ಹಿಂದೆ ಬೇಗಲ್ ತಯಾರಿಸುತ್ತಿದ್ದ ಒಬ್ಬರ ದೂರವಾಣಿ ಸಂಖ್ಯೆ ಅದರಲ್ಲಿತ್ತು, ಕರೆಮಾಡಿದರೆ ಮಾಡುವ ಬಗೆಯನ್ನೇ ಅವರು ಕಲಿಸಿಕೊಡುತ್ತಾರೆ ಎಂದಿತ್ತು. ರೊಟ್ಟಿ ಕೇಳಿದವನಿಗೆ ರೊಟ್ಟಿ ಸುಡುವ ಗುರು ಸಿಕ್ಕಿದ! ಇಲಿಚ್‌ರವರ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಕಂಡಿಲ್ಲ.

ಆ ಪ್ರಯೋಗದ ಮೊದಲ ಹಂತ 1975ರ ಆರಂಭದಲ್ಲಿ ನಿಂತುಹೋಯಿತು. ಆದರೆ ಫೆಲ್ಸೆನ್‌ಸ್ಟೈನ್ ಇಲಿಚ್‌ರವರ 1973ರ ಪುಸ್ತಕವಾದ 'ಟೂಲ್ಸ್ ಫಾರ್ ಕನ್ವಿವಿಯಾಲಿಟಿ'ಯನ್ನು ಓದಿ ಪ್ರಭಾವಿತರಾದುದನ್ನು ತಾವೇ ಹೇಳಿಕೊಂಡಿದ್ದಾರೆ. ಮಧ್ಯ ಅಮೆರಿಕದ ಹಳ್ಳಿಗಳಿಗೆ ರೇಡಿಯೊ ಬಂದ ಎರಡು ವರ್ಷಗಳಲ್ಲೇ ಅದನ್ನು ರಿಪೇರಿ ಮಾಡಬಲ್ಲವರು ಅಲ್ಲೇ ತಯಾರಾದರು ಎಂಬ ಇಲಿಚ್‌ರವರ ಮಾತು ಅವರನ್ನು ತಟ್ಟಿತು. ಗಣಕಯಂತ್ರವೂ ಹಾಗೆಯೇ ಸಾಮಾನ್ಯರು ಬಿಚ್ಚಿ, ತಿದ್ದಿ, ಬಳಸುವಂತಿರಬೇಕೆಂದು ಅವರು ಹೊರಟರು. 1975ರ ಮಾರ್ಚ್‌ನಲ್ಲಿ ಒಂದು ಗ್ಯಾರೇಜಿನಲ್ಲಿ ಆರಂಭವಾದ 'ಹೋಂಬ್ರೂ ಕಂಪ್ಯೂಟರ್ ಕ್ಲಬ್'ನ ಸಭೆಗಳನ್ನು ಹಲವು ವರ್ಷ ನಡೆಸಿಕೊಟ್ಟವರು ಅವರೇ. ಆಪಲ್ ಯಂತ್ರವನ್ನು ರೂಪಿಸಿದ ಸ್ಟೀವ್ ವೋಜ್ನಿಯಾಕ್ ಆ ಸಭೆಗಳಲ್ಲಿ ಕುಳಿತು ಕಲಿತವರು. ಹೀಗೆ ಕ್ಯುಎರ್ನವಾಕದಿಂದ ನಮ್ಮ ಮೇಜಿನ ಮೇಲಿನ ಗಣಕಯಂತ್ರದವರೆಗೆ ಒಂದು ಎಳೆ ಇದೆ. ತೆಳುವಾದ ಎಳೆ, ಆದರೆ ಕಲ್ಪನೆಯದಲ್ಲ.

ಬರ್ನರ್ಸ್-ಲೀ ಕಟ್ಟಿದ ಜಾಲಕ್ಕೂ ಇಲಿಚ್‌ರವರ ಬಲೆಗೂ ಇರುವ ಅಂತರವನ್ನು ಇಲ್ಲಿ ಹೇಳಲೇಬೇಕು. 1989ರ ಪ್ರಸ್ತಾವ ಹುಟ್ಟಿದ್ದು ಸೆರ್ನ್‌ನ ಸಾವಿರಾರು ವಿಜ್ಞಾನಿಗಳ ದಾಖಲೆಗಳು ಕಳೆದುಹೋಗುತ್ತಿದ್ದ ಕಷ್ಟದಿಂದ. ಅದು ಒಂದು ಪುಟವನ್ನು ಇನ್ನೊಂದು ಪುಟಕ್ಕೆ ಜೋಡಿಸುತ್ತದೆ. ಇಲಿಚ್ ಜೋಡಿಸಬಯಸಿದ್ದು ಮನುಷ್ಯನನ್ನು ಮನುಷ್ಯನಿಗೆ. 1993ರ ಏಪ್ರಿಲ್ 30ರಂದು ಸೆರ್ನ್ ತನ್ನ ಜಾಲದ ತಂತ್ರಾಂಶವನ್ನು ಶುಲ್ಕವಿಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಆ ಔದಾರ್ಯ ಇಲಿಚ್‌ರವರಿಗೆ ಒಪ್ಪಿಗೆಯಾಗುವಂಥದೇ. ಮನುಷ್ಯರನ್ನು ಜೋಡಿಸುವ ಕೆಲಸವನ್ನು ಮುಂದೆ ಕೈಗೆತ್ತಿಕೊಂಡ ದೊಡ್ಡ ಕಂಪನಿಗಳು ಮಾತ್ರ ಗುಮಾಸ್ತನ ಕೆಲಸಕ್ಕೆ ಒಪ್ಪಲಿಲ್ಲ, ದಲ್ಲಾಳಿಯಾದವು. ಮದುವೆಯ ದಲ್ಲಾಳಿ ಗಂಡು ಹೆಣ್ಣನ್ನು ಕೂಡಿಸಿ, ಊಟ ಮಾಡಿ, ತನ್ನ ಕಾಣಿಕೆ ಪಡೆದು ಹೊರಟುಹೋಗಬೇಕು. ನಮ್ಮ ಈ ಹೊಸ ದಲ್ಲಾಳಿಯೋ ಮನೆಯಲ್ಲೇ ಉಳಿದು, ಗಂಡ ಹೆಂಡಿರ ಪ್ರತಿಯೊಂದು ಮಾತಿನ ನಡುವೆ ಕುಳಿತು, ಅದನ್ನು ಬರೆದಿಟ್ಟುಕೊಂಡು ಸಂತೆಯಲ್ಲಿ ಮಾರುತ್ತಾನೆ. ಇಬ್ಬರು ಕಾಫಿ ಹೋಟೆಲಿಗೆ ಎದ್ದು ಹೋದರೆ ಅವನಿಗೆ ನಷ್ಟ. ಅವರು ಪರದೆಯ ಮುಂದೆಯೇ ಇರುವಷ್ಟು ಹೊತ್ತು ಮಾತ್ರ ಅವನಿಗೆ ಲಾಭ.

ಇದನ್ನು ಇಲಿಚ್ ಊಹಿಸಲಿಲ್ಲ. ಪಟ್ಟಿಯನ್ನು ಇಟ್ಟುಕೊಂಡವನೇ ಒಡೆಯನಾಗುತ್ತಾನೆ ಎಂಬ ಹಳೆಯ ಸತ್ಯವನ್ನು ಶಾಲೆಯ ವಿಷಯದಲ್ಲಿ ಅಷ್ಟು ಸೂಕ್ಷ್ಮವಾಗಿ ಕಂಡವರು ಗಣಕಯಂತ್ರದ ವಿಷಯದಲ್ಲಿ ಕಾಣದೆಹೋದರು. ಹೆಸರು, ವಿಳಾಸ, ಓದುವ ಪುಸ್ತಕ, ಇಷ್ಟನ್ನು ಕೊಟ್ಟರೆ ಸಾಕೆನ್ನುತ್ತಾರೆ. ಅಷ್ಟೇ ಸಾಕು, ಒಬ್ಬನ ಬೆನ್ನು ಹತ್ತಲು. ನಾಜಿಗಳ ಪಟ್ಟಿಗಳ ಕಾಲದಲ್ಲಿ ಬೆಳೆದ ಒಬ್ಬರು ಈ ಬಗ್ಗೆ ಇಷ್ಟು ನಿಶ್ಚಿಂತರಾಗಿದ್ದದ್ದು ನನಗೆ ಒಗಟಾಗಿಯೇ ಉಳಿದಿದೆ.

ನನ್ನ ಎರಡನೆಯ ಆಕ್ಷೇಪ ಇನ್ನೂ ಹತ್ತಿರದ್ದು. ಇಲಿಚ್‌ರವರ ಬಲೆಗೆ ಬರುವವನು ತನಗೇನು ಬೇಕೆಂದು ಬಲ್ಲವನು. ಪುಸ್ತಕದ ಹೆಸರು ಹೇಳಬಲ್ಲವನು. ಒಂದು ವಿಷಯ ಜಗತ್ತಿನಲ್ಲಿದೆ ಎಂದೇ ಅರಿಯದ ಮಗು ಅದನ್ನು ಹೇಗೆ ಕೇಳೀತು? ಸಣ್ಣ ಊರೊಂದರ ಶಾಲೆಯ ಹೊಣೆ ಹೊತ್ತಿದ್ದ ಆರು ವರ್ಷಗಳಲ್ಲಿ, ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಲಿತ ಮಕ್ಕಳನ್ನು ದಿನವೂ ನೋಡಿದವನು ನಾನು. ಕೂಲಿಯವರ ಮಗಳೊಬ್ಬಳು ಏಳನೆಯ ತರಗತಿಯಲ್ಲಿ ವಿಜ್ಞಾನದ ಮೇಡಂ ತೋರಿಸಿದ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆಯನ್ನು ಕಂಡು ಕಣ್ಣು ತೆಗೆಯದೆ ನಿಂತುಬಿಟ್ಟಿದ್ದಳು. ಈಗ ಆಕೆ ಪ್ರಯೋಗಾಲಯದ ತಂತ್ರಜ್ಞೆ. ಅಂದು ಅವಳು ಕೇಳದೆಯೇ ಅದನ್ನು ತೋರಿಸಿದವರು ಒಬ್ಬರಿದ್ದರು. ಅವಳು ಬೆಂಚಿನಲ್ಲಿ ಕುಳಿತಿದ್ದರಿಂದಲೇ ತೋರಿಸಲು ಸಾಧ್ಯವಾಯಿತು. ನಾಲ್ಕನೆಯ ಬಲೆಯಲ್ಲಿ ಗುರುವಿನ ಬಗ್ಗೆ ಇಲಿಚ್ ಗೌರವದಿಂದ ಬರೆದಿದ್ದಾರೆ, ನಿಜ. ಆದರೆ ಅವರ ಗುರುವನ್ನು ಶಿಷ್ಯ ಹುಡುಕಿಕೊಂಡು ಹೋಗಬೇಕು. ಶಿಷ್ಯನನ್ನು ಹುಡುಕಿಕೊಂಡು ಬರುವ ಗುರುವಿಗೆ ಅಲ್ಲಿ ಜಾಗವಿಲ್ಲ.

ಅವರ ಪರವಾಗಿಯೂ ಒಂದು ಮಾತು. ಲ್ಯಾಟಿನ್ ಅಮೆರಿಕದಲ್ಲಿ ಅವರು ಕಂಡದ್ದು ಬಡವರ ತೆರಿಗೆಯ ಹಣದಲ್ಲಿ ಕೆಲವರು ಮಾತ್ರ ಮೇಲಿನ ತರಗತಿಗಳನ್ನು ಮುಟ್ಟುವ, ಉಳಿದವರು ಅರ್ಧದಲ್ಲಿ ಬಿಟ್ಟು ತಾವೇ ದಡ್ಡರೆಂದು ನಂಬುವ ವ್ಯವಸ್ಥೆಯನ್ನು. ಅಲ್ಲಿ ದೂರದರ್ಶನಕ್ಕೆ ಹೂಡಿದ ಹಣದಲ್ಲಿ ಐವರು ವಯಸ್ಕರಲ್ಲಿ ಒಬ್ಬರಿಗೆ ಧ್ವನಿಮುದ್ರಣ ಯಂತ್ರವನ್ನೇ ಕೊಡಬಹುದಿತ್ತು ಎಂದು ಅವರು ಲೆಕ್ಕ ಹಾಕುತ್ತಾರೆ: ದೂರದರ್ಶನದಲ್ಲಿ ಕೆಲವರು ಮಾತಾಡುತ್ತಾರೆ, ಧ್ವನಿಮುದ್ರಣ ಯಂತ್ರವಿದ್ದರೆ ಅಕ್ಷರ ಬಾರದವನೂ ತನ್ನ ಅಭಿಪ್ರಾಯವನ್ನು ದಾಖಲಿಸಿ ಹಂಚಬಲ್ಲ. ಈ ಭೇದ ಇಂದಿಗೂ ಹರಿತವಾಗಿದೆ.

ನಮ್ಮ ಕಾಲದಲ್ಲಿ ಶಾಲೆಗಳು ನಿಜಕ್ಕೂ ಮುಚ್ಚಿದ್ದು 2020ರಲ್ಲಿ, ಕೊರೊನಾ ಸೋಂಕಿನಿಂದ. ಇಲಿಚ್ ಬಯಸಿದ್ದು ಆ ಬಗೆಯ ಮುಚ್ಚುವಿಕೆಯನ್ನಲ್ಲ, ಆದರೂ ಅವರ ಅಧ್ಯಾಯಕ್ಕೆ ಅದೊಂದು ಪರೀಕ್ಷೆಯಾಯಿತು. ಜಾಲವಿತ್ತು, ಶಾಲೆಯಿರಲಿಲ್ಲ. ಮನೆಗೊಂದೇ ಫೋನು, ಅದೂ ತಂದೆ ಕೆಲಸದಿಂದ ಹಿಂದಿರುಗಿದ ಮೇಲೆ. ನಮ್ಮ ದೇವಾಲಯದ ಜಗಲಿಯಲ್ಲಿ ಸಂಜೆ ಮೂರು ನಾಲ್ಕು ಮಕ್ಕಳು ಒಂದೇ ಫೋನಿಗೆ ಮುಖವಿಟ್ಟು ಕುಳಿತಿರುತ್ತಿದ್ದರು. ಆ ಆಗಸ್ಟ್‌ನಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರು 'ವಿದ್ಯಾಗಮ' ಯೋಜನೆಯಡಿ ಊರೊಳಗೇ ಹೋಗಿ, ಗುಡಿಯ ಅಂಗಳದಲ್ಲಿ, ಮರದ ನೆರಳಿನಲ್ಲಿ ಮಕ್ಕಳ ಸಣ್ಣ ಗುಂಪುಗಳಿಗೆ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಕಟ್ಟಡವಿಲ್ಲದ, ಗಂಟೆಯಿಲ್ಲದ ಆ ಪಾಠಗಳು ಇಲಿಚ್‌ರವರ ಮನಸ್ಸಿಗೆ ಹಿಡಿಸುತ್ತಿದ್ದವು. ಆದರೆ ಅವನ್ನು ನಡೆಸಿದವರು ಶಾಲೆಯ ಶಿಕ್ಷಕರೇ. ಮಕ್ಕಳ ಹೆಸರು ಅವರ ಹಾಜರಿ ಪುಸ್ತಕದಲ್ಲಿದ್ದುದರಿಂದಲೇ ಅವರು ಹುಡುಕಿಕೊಂಡು ಹೋದರು.

ಇಲಿಚ್ ಸ್ವತಃ ತಮ್ಮ ಪುಸ್ತಕದ ಕಠಿಣ ವಿಮರ್ಶಕರಾದರು. ತಾವು ಗುರಿಯಿಟ್ಟದ್ದು ತಪ್ಪಾಗಿತ್ತು, ಶಾಲೆಯ ಗೋಡೆ ಬಿದ್ದ ಮಾತ್ರಕ್ಕೆ ಬಿಡುಗಡೆಯಿಲ್ಲ, ಬದುಕಿನ ಪ್ರತಿ ಕ್ಷಣವನ್ನೂ ಶಿಕ್ಷಣವೆಂದು ಕಾಣುವ ಹಂಬಲವೇ ದೊಡ್ಡ ಬಂಧನ ಎಂದು ಮುಂದಿನ ವರ್ಷಗಳಲ್ಲಿ ಬರೆದರು. ಶಾಲೆ ಹೋಗಿ ಜಗತ್ತೇ ಒಂದು ದೊಡ್ಡ ತರಗತಿಯಾಗುವ ಭಯ ಅವರದು. ರಾತ್ರಿ ಒಂಬತ್ತಕ್ಕೂ ಫೋನಿನಲ್ಲಿ ಪಾಠದ ಸೂಚನೆ ಬರುವ ಮನೆಗಳಿಗೆ ಭೇಟಿ ಕೊಡುವಾಗಲೆಲ್ಲ ನನಗೆ ಆ ಮಾತಿನ ನೆನಪಾಗುತ್ತದೆ. ಕುಟುಂಬದ ಜಪಮಾಲೆಯ ನಡುವೆ ಅಂತಹ ಸೂಚನೆ ಸದ್ದು ಮಾಡಿದಾಗ ತಾಯಿ ಮಗನ ಕಡೆಗೆ, ಮಗ ನನ್ನ ಕಡೆಗೆ ನೋಡಿದ್ದುಂಟು.

ಪುಸ್ತಕ ಚಿಕ್ಕದು. ಇಂಗ್ಲಿಷ್ ಬಲ್ಲ ತಂದೆತಾಯಿಯರು, ಅದರಲ್ಲೂ ಶಿಕ್ಷಕ ವೃತ್ತಿಯಲ್ಲಿರುವವರು ಓದಬೇಕಾದದ್ದು. ಆರನೆಯ ಅಧ್ಯಾಯಕ್ಕೆ ನೇರವಾಗಿ ಹೋಗದೆ, ಹಾರ್ಲೆಮ್ ಹುಡುಗರ ಕಥೆಯಿರುವ ಮೊದಲನೆಯದರಿಂದ ಆರಂಭಿಸಿದರೆ ಲೇಸು; ಗಣಕಯಂತ್ರ ಬರುವ ಮೊದಲೇ ಆ ಬಲೆ ಹೇಗೆ ಕೆಲಸ ಮಾಡಿತ್ತೆಂದು ಅಲ್ಲಿ ತಿಳಿಯುತ್ತದೆ. ಏಳನೆಯದು ಗ್ರೀಕ್ ಪುರಾಣದ ಚರ್ಚೆ. ಎರಡನೆಯ ಓದಿಗೆ ಬಿಡಬಹುದು. ನನ್ನ ಪ್ರತಿಯನ್ನು ಸದ್ಯ ನಮ್ಮ ಧರ್ಮಕೇಂದ್ರದ ತಂತ್ರಾಂಶ ಇಂಜಿನಿಯರ್ ಒಬ್ಬರು ಒಯ್ದಿದ್ದಾರೆ. ಭಾನುವಾರ ಎರಡನೆಯ ಬಲಿಪೂಜೆಯ ನಂತರ ಗುರುನಿವಾಸದಲ್ಲಿ ಕಾಫಿಗೆ ಬರುತ್ತೇನೆಂದಿದ್ದಾರೆ. ದಲ್ಲಾಳಿಯ ಬಗ್ಗೆ ನಾನು ಬರೆದದ್ದಕ್ಕೆ ಅವರದು ಒಪ್ಪಿಗೆಯಿಲ್ಲವಂತೆ.